ಹನ್ನೊಂದು ವರ್ಷದ ಎದೆ ಉರಿ: ಗುಳಿಗೆಯಲ್ಲೇ ಇರಲಾ, ಆಪರೇಷನ್ ಮಾಡಿಸಲಾ?

ನವನಗರದ ಮಾಸ್ತರ, ಬಾಗಲಕೋಟೆ:

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ವಯಸ್ಸು 46. ಹನ್ನೊಂದು ವರ್ಷದಿಂದ ಎದೆ ಉರಿ ಇದೆ. ಶುರುವಿನಲ್ಲಿ ಮದುವೆ ಊಟ, ಜಾತ್ರೆ ಊಟ ಆದಾಗ ಮಾತ್ರ ಬರುತ್ತಿತ್ತು. ಮೆಡಿಕಲ್ ಅಂಗಡಿಯಲ್ಲಿ ಆಮ್ಲ ಕಡಿಮೆ ಮಾಡುವ ಗುಳಿಗೆ ಪ್ಯಾಂಟೊಪ್ರಜೋಲ್ 40 ಕೊಟ್ಟರು, ಆರಾಮ ಆಯಿತು. ಆಮೇಲೆ ಖಾಲಿ ಪಟ್ಟಿ ತೋರಿಸಿ ತರುತ್ತಾ ತರುತ್ತಾ ಅದು ದಿನಕ್ಕೊಂದು ಆಯಿತು. ಈಗ ಎರಡು ದಿನ ಬಿಟ್ಟರೆ ಉರಿ ಮೊದಲಿಗಿಂತ ಜಾಸ್ತಿ ಆಗುತ್ತದೆ.

ರಾತ್ರಿಯದೇ ದೊಡ್ಡ ಕಷ್ಟ. ಎರಡು ಗಂಟೆ ಸುಮಾರಿಗೆ ಗಂಟಲಿಗೆ ಹುಳಿ ನೀರು ನುಗ್ಗುತ್ತದೆ. ಕೆಮ್ಮುತ್ತಾ ಎದ್ದು ಕೂಡುತ್ತೇನೆ. ಮನೆಯವರು ತಂಬಿಗೆಯಲ್ಲಿ ನೀರು ಹಿಡಿದು ಪಕ್ಕದಲ್ಲಿ ನಿಂತಿರುತ್ತಾರೆ. ಹೋದ ತಿಂಗಳು ಸಣ್ಣ ಮಗಳು ಎದ್ದು ಬಂದು "ಅಪ್ಪಾಜಿ ಯಾಕ ಹಂಗ ಮಾಡಾಕತ್ತಾರ" ಎಂದು ಅತ್ತಳು. ಅವತ್ತೇ ತೀರ್ಮಾನ ಮಾಡಿದೆ, ಇನ್ನು ಸುಮ್ನೆ ಕೂಡುವುದಿಲ್ಲ ಎಂದು. ಶಾಲೆಯಲ್ಲಿ ಬೋರ್ಡಿನ ಕೆಳಗಿನ ಸಾಲು ಬರೆಯಲು ಬಗ್ಗಿದರೂ ಹುಳಿ ಮೇಲೆ ಬರುತ್ತದೆ. ಮೂರನೇ ಪಿರಿಯಡ್ ಹೊತ್ತಿಗೆ ದನಿ ಒಡೆದಿರುತ್ತದೆ.

ಎಂಡೋಸ್ಕೋಪಿ ಮಾಡಿಸಿದೆ. ಅನ್ನನಾಳದ ಕೆಳಗೆ ಸಣ್ಣ ಹುಣ್ಣು, 'ಎಲ್.ಎ. ಗ್ರೇಡ್ ಎ' ಎಂದು ಬರೆದಿದ್ದಾರೆ. ಜೊತೆಗೆ 3 ಸೆಂ.ಮೀ. ಹಯಾಟಸ್ ಹರ್ನಿಯಾ, ಅಂದರೆ ಎದೆ ಹೊಟ್ಟೆ ನಡುವಿನ ಪರದೆಯ (ವಪೆಯ) ತೂತಿನಿಂದ ಹೊಟ್ಟೆಯ ಮೇಲ್ತುದಿ ಎದೆಯೊಳಗೆ ಸರಿದಿದೆ. ಒಬ್ಬ ಡಾಕ್ಟರು ಬರುವ ವಾರವೇ ಆಪರೇಷನ್ ಮಾಡೋಣ ಎಂದರು. ಇನ್ನೊಬ್ಬರು ಜೀವನಪೂರ್ತಿ ಗುಳಿಗೆ ನುಂಗಿ, ಏನೂ ಆಗುವುದಿಲ್ಲ ಎಂದರು. ಇಬ್ಬರೂ ಐದು ನಿಮಿಷಕ್ಕಿಂತ ಹೆಚ್ಚು ಮಾತಾಡಲಿಲ್ಲ. ಅನುಭವ ಇದ್ದವರು ದಯವಿಟ್ಟು ಹೇಳಿ.

ಔಷಧ ಅಂಗಡಿ, ವಿಜಯಪುರ:

ಮಾಸ್ತರೇ, 19 ವರ್ಷದಿಂದ ಮೆಡಿಕಲ್ ಅಂಗಡಿ ನಡೆಸುತ್ತಿದ್ದೇನೆ. ಆಪರೇಷನ್ ಮಾತು ಆಮೇಲೆ. ಮೊದಲು ಒಂದು ಹೇಳಿ. ಗುಳಿಗೆಯನ್ನು ಯಾವ ಹೊತ್ತಿಗೆ ತಗೊಳ್ಳುತ್ತೀರಿ?

ನವನಗರದ ಮಾಸ್ತರ, ಬಾಗಲಕೋಟೆ:

ರಾತ್ರಿ ಊಟ ಆದ ಮೇಲೆ, ಮಲಗುವ ಮುಂಚೆ. ರಾತ್ರಿಯೇ ತ್ರಾಸು ಜಾಸ್ತಿ ಅಲ್ವಾ ಸರ್, ಅದಕ್ಕೆ.

ಔಷಧ ಅಂಗಡಿ, ವಿಜಯಪುರ:

ಹನ್ನೊಂದು ವರ್ಷ ನಿಮಗೆ ಯಾರೂ ಇದನ್ನು ಹೇಳಲಿಲ್ಲ ಎನ್ನುವುದು ನನಗೆ ಬಹಳ ಬೇಜಾರಿನ ಸಂಗತಿ. ಹೇಳಬೇಕಾದವರಲ್ಲಿ ನಮ್ಮಂಥ ಅಂಗಡಿಯವರೂ ಇದ್ದೇವೆ.

ಹೊಟ್ಟೆಯ ಒಳಗೋಡೆಯಲ್ಲಿ ಆಮ್ಲ ಸುರಿಸುವ ಸಣ್ಣ ಸಣ್ಣ ಪಂಪುಗಳಿವೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ಇಸೊಮೆಪ್ರಜೋಲ್ ಇವೆಲ್ಲ ಓಡುತ್ತಿರುವ ಪಂಪನ್ನು ಮಾತ್ರ ಹಿಡಿದು ನಿಲ್ಲಿಸುತ್ತವೆ. ಸುಮ್ನೆ ನಿಂತ ಪಂಪಿನ ಮೇಲೆ ಅವುಗಳ ಆಟ ನಡೆಯುವುದಿಲ್ಲ. ಹೊಟ್ಟೆಗೆ ಊಟ ಬಿದ್ದಾಗಲೇ ಪಂಪು ಓಡಲು ಶುರು ಮಾಡುವುದು. ಗುಳಿಗೆ ರಕ್ತದಲ್ಲಿ ಇರುವುದೋ ಕೆಲವೇ ತಾಸು. ಅಂದರೆ ಊಟ ಬೀಳುವ ಹೊತ್ತಿಗೆ ಗುಳಿಗೆ ರಕ್ತದಲ್ಲಿ ತಯಾರಾಗಿ ಕಾಯುತ್ತಿರಬೇಕು. ಹೊಲಕ್ಕೆ ನೀರು ಬರುವ ಮುಂಚೆ ಒಡ್ಡು ಹಾಕಬೇಕು, ನೀರು ಹರಿದು ಹೋದ ಮೇಲೆ ಅಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಗೆ, ನಾಷ್ಟಾಕ್ಕೆ ಅರ್ಧ ತಾಸಿನಿಂದ ಒಂದು ತಾಸು ಮುಂಚೆ ತಗೊಳ್ಳಿ. ಗುಳಿಗೆ ತಗೊಂಡು ನಾಷ್ಟಾ ಬಿಟ್ಟರೂ ಉಪಯೋಗವಿಲ್ಲ. ರಾತ್ರಿ ತ್ರಾಸು ಇದ್ದವರಿಗೆ ಡಾಕ್ಟರು ಇನ್ನೊಂದನ್ನು ಸಂಜೆ ಊಟಕ್ಕೆ ಮುಂಚೆ ಬರೆಯುತ್ತಾರೆ. ಗುಳಿಗೆ ಮುರಿಯಬೇಡಿ, ಕುಟ್ಟಬೇಡಿ. ಹೊಟ್ಟೆಯ ಆಮ್ಲದಲ್ಲಿ ಕರಗಬಾರದು ಎಂದೇ ಅದರ ಮೇಲೆ ಲೇಪ ಇರುತ್ತದೆ. ಪೂರ್ತಿ ಕೆಲಸ ಮಾಡಲು ಮೂರು ನಾಲ್ಕು ದಿನ ಬೇಕು.

ಬಿಟ್ಟರೆ ಉರಿ ಜಾಸ್ತಿ ಆಗುತ್ತದೆ ಎಂದಿರಿ. ಅದಕ್ಕೂ ಕಾರಣ ಇದೆ. 2009ರಲ್ಲಿ ಡೆನ್ಮಾರ್ಕ್‌ನಲ್ಲಿ ಎದೆ ಉರಿಯೇ ಇಲ್ಲದ 120 ಜನರನ್ನು ಆರಿಸಿಕೊಂಡರು. ಅರ್ಧ ಜನಕ್ಕೆ ಎಂಟು ವಾರ ಇಸೊಮೆಪ್ರಜೋಲ್ ಕೊಟ್ಟು ನಿಲ್ಲಿಸಿದರು. ಉಳಿದವರಿಗೆ ಬರೀ ಹುಸಿ ಗುಳಿಗೆ. ನಿಲ್ಲಿಸಿದ ಮೇಲೆ ಗುಳಿಗೆ ತಗೊಂಡವರಲ್ಲಿ ಶೇ. 44 ಜನಕ್ಕೆ ಆಸಿಡಿಟಿ ಕಾಣಿಸಿತು. ಹುಸಿ ಗುಳಿಗೆಯವರಲ್ಲಿ ಶೇ. 15 ಜನಕ್ಕೆ ಮಾತ್ರ. ಆರೋಗ್ಯವಾಗಿದ್ದವರಿಗೇ ಹೀಗಾದರೆ ಹನ್ನೊಂದು ವರ್ಷ ನುಂಗಿದ ನಿಮಗೆ ಆಗದೇ ಇರುತ್ತದೆಯೇ? ಅದಕ್ಕೇ ಒಮ್ಮೆಲೇ ಬಿಡಬೇಡಿ. ಡಾಕ್ಟರನ್ನು ಕೇಳಿ 40ರಿಂದ 20ಕ್ಕೆ, ಆಮೇಲೆ ದಿನ ಬಿಟ್ಟು ದಿನ, ಹೀಗೆ ಇಳಿಸಬೇಕು.

ಇನ್ನೊಂದು. ನಿಮ್ಮ ಗುಳಿಗೆಯ ಹೆಸರಿನ ಕೊನೆಗೆ 'ಡಿ' ಇದೆಯಾ ನೋಡಿ. ಇದ್ದರೆ ಅದರಲ್ಲಿ ಡೊಂಪೆರಿಡೋನ್ ಎಂಬ ವಾಂತಿ ತಡೆಯುವ ಔಷಧವೂ ಸೇರಿದೆ. ಅದು ಹೃದಯ ಬಡಿತದ ಲಯಕ್ಕೆ ತೊಂದರೆ ಕೊಡಬಹುದು. ಡಾಕ್ಟರು ಹೇಳದೆ ವರ್ಷಗಟ್ಟಲೆ ತಗೊಳ್ಳುವ ಗುಳಿಗೆ ಅದಲ್ಲ. ಒಮ್ಮೆ ಬಿ12, ಮೆಗ್ನೀಷಿಯಂ ರಕ್ತ ಪರೀಕ್ಷೆಯನ್ನೂ ಮಾಡಿಸಿ. ಆಮ್ಲ ಕಡಿಮೆ ಆದರೆ ಊಟದಲ್ಲಿನ ಬಿ12 ಸರಿಯಾಗಿ ಮೈಗೆ ಹತ್ತುವುದಿಲ್ಲ.

ಮುಧೋಳದ ಕಬ್ಬಿನ ರೈತ:

ಮಾಸ್ತರೇ, ನಾನು ಆಪರೇಷನ್ ಮಾಡಿಸಿಕೊಂಡವನು. 2018ರಲ್ಲಿ. ದುರ್ಬೀನಿನದು, ಹೊಟ್ಟೆ ಮೇಲೆ ಐದು ಸಣ್ಣ ತೂತು. ಹರ್ನಿಯಾ ಕೆಳಗೆ ಎಳೆದು, ವಪೆಯ ತೂತು ಹೊಲಿದು, ಹೊಟ್ಟೆಯ ಮೇಲ್ಭಾಗವನ್ನು ಅನ್ನನಾಳದ ಸುತ್ತ ರುಮಾಲು ಸುತ್ತಿದ ಹಾಗೆ ಸುತ್ತುತ್ತಾರೆ. ನನಗೆ ಪೂರ್ತಿ ಒಂದು ಸುತ್ತು ಹಾಕಿದರು. ಅದಕ್ಕೆ ನಿಸ್ಸೆನ್ ಎನ್ನುತ್ತಾರೆ.

ಒಳ್ಳೆಯದು ಮೊದಲು ಹೇಳುತ್ತೇನೆ. ಆಪರೇಷನ್ ಆದ ರಾತ್ರಿಯಿಂದಲೇ ಹುಳಿ ಬರುವುದು ನಿಂತಿತು. ಒಂಬತ್ತು ವರ್ಷದ ಮೇಲೆ ಅಂಗಾತ ಮಲಗಿದೆ. ಆಸ್ಪತ್ರೆ ಮಂಚದ ಮೇಲೆ ಫ್ಯಾನ್ ನೋಡುತ್ತಾ ಮಲಗಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ.

ನನಗೆ ಮೊದಲೇ ಹೇಳದೇ ಇದ್ದದ್ದನ್ನು ಈಗ ನಿಮಗೆ ಹೇಳುತ್ತೇನೆ. ತೇಗು ಬರುವುದಿಲ್ಲ. ಹೊಟ್ಟೆಯಲ್ಲಿ ಸೇರಿದ ಗಾಳಿ ಮೇಲೆ ಬರುವುದಿಲ್ಲ, ಕೆಳಗೇ ಹೋಗಬೇಕು. ಊಟ ಆದ ಮೇಲೆ ಹೊಟ್ಟೆ ಡೋಲಿನ ಹಾಗೆ ಬಿಗಿಯುತ್ತಿತ್ತು. ವಾಂತಿಯೂ ಆಗುವುದಿಲ್ಲ. ಒಂದು ಸಲ ಮದುವೆ ಊಟದಿಂದ ಹೊಟ್ಟೆ ಕೆಟ್ಟು ಇಡೀ ರಾತ್ರಿ ಒದ್ದಾಡಿದೆ, ವಾಂತಿ ಬರುವ ಹಾಗೆ ಆಗುತ್ತದೆ, ಬರುವುದಿಲ್ಲ. ಮೊದಲ ಆರು ವಾರ ರೊಟ್ಟಿ ನುಂಗಲು ಆಗಲಿಲ್ಲ. ಈಗ ಎಲ್ಲ ಉಣ್ಣುತ್ತೇನೆ, ಆದರೆ ನಿಧಾನ. ಎರಡು ವರ್ಷದಿಂದ ಯಾವಾಗಲಾದರೂ ಸ್ವಲ್ಪ ಉರಿ ಬರುತ್ತದೆ, ಒಂದೆರಡು ದಿನ ಗುಳಿಗೆ ತಗೊಳ್ಳುತ್ತೇನೆ. ಆದರೂ ಮತ್ತೆ ಕೇಳಿದರೆ ಮಾಡಿಸಿಕೊಳ್ಳುತ್ತೇನೆ ಎಂದೇ ಹೇಳುವೆ. ಆದರೆ ಬರುವ ವಾರ ಬೇಡ. ಅವಸರ ಯಾಕೆ?

ಇಳಕಲ್ ಮಗ್ಗ:

ಮಾಸ್ತರೇ, ನಿಮ್ಮದು ಬೋರ್ಡು, ನಮ್ಮದು ಕುಣಿ ಮಗ್ಗ. ಕಾಲು ಕುಣಿಯಲ್ಲಿ, ಮೈ ಮುಂದಕ್ಕೆ ಬಾಗಿ ದಿನಕ್ಕೆ ಎಂಟು ಹತ್ತು ತಾಸು. ನಾಷ್ಟಾ ಮಾಡಿ ತಕ್ಷಣ ಕೂತರೆ ಗಂಟಲಿಗೆ ಹುಳಿ ಬಂದೇ ಬರುತ್ತದೆ. ಈಗ ಮೊದಲು ಎರಡು ತಾಸು ನೇಯ್ದು, ಆಮೇಲೆ ನಾಷ್ಟಾ, ಆಮೇಲೆ ಕಂಡಿಕೆ ಸುತ್ತುವ ಕೆಲಸ, ಆಮೇಲೆ ಮತ್ತೆ ಮಗ್ಗ. ಲುಂಗಿ ಗಂಟು ಸಡಿಲ ಮಾಡಿದೆ. ತಂಬಾಕು ಸುಣ್ಣ ಬಿಟ್ಟೆ, ಅದು ಬಹಳ ಕಷ್ಟ ಆಯಿತು. ಇಷ್ಟಕ್ಕೇ ಅರ್ಧ ಕಡಿಮೆ ಆಯಿತು. ಆದರೆ ಬೆನ್ನು ನೋವಿಗೆ ದಿನಾ ಗುಳಿಗೆ ನುಂಗುತ್ತೇನೆ, ಅದನ್ನು ತಗೊಂಡ ದಿನ ಹೊಟ್ಟೆ ಮೇಲ್ಭಾಗ ಕೊರೆದ ಹಾಗೆ ಆಗುತ್ತದೆ. ಈ ವಾರ ಮಲ ಕಪ್ಪಗೆ ಡಾಂಬರಿನ ಹಾಗೆ ಹೋಗುತ್ತಿದೆ, ಉಷ್ಣಕ್ಕೆ ಇರಬಹುದಾ?

ಔಷಧ ಅಂಗಡಿ, ವಿಜಯಪುರ:

ಅಣ್ಣಾ, ಇದು ಉಷ್ಣ ಅಲ್ಲ. ಬೆನ್ನು ನೋವಿನ ಗುಳಿಗೆ ಡೈಕ್ಲೊಫಿನಾಕ್, ಅಸಿಕ್ಲೊಫಿನಾಕ್ ಈ ಜಾತಿಯದು ಆಗಿದ್ದರೆ ಹೊಟ್ಟೆಯ ಒಳಪದರವನ್ನು ತಿನ್ನುತ್ತದೆ. ಡಾಂಬರಿನಂಥ ಮಲ ಅಂದರೆ ಒಳಗೆ ರಕ್ತ ಹೋಗುತ್ತಿರಬಹುದು. ಆ ಗುಳಿಗೆ ಈಗಲೇ ನಿಲ್ಲಿಸಿ, ಇವತ್ತೇ ದವಾಖಾನೆಗೆ ಹೋಗಿ. ನಾಳೆ ಅನ್ನಬೇಡಿ. ಮನೆಯಲ್ಲಿ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ. ಹೋದ ಮೇಲೆ ಇಲ್ಲಿ ಒಂದು ಮಾತು ಬರೆಯಿರಿ, ನಾವೆಲ್ಲ ಕಾಯುತ್ತಿರುತ್ತೇವೆ.

ಸಿಂದಗಿ ಹುಡುಗ:

ಎಲ್ಲರೂ ದೊಡ್ಡದು ಮಾಡುತ್ತಿದ್ದೀರಿ ಅನಿಸುತ್ತದೆ. ನಮ್ಮ ಮನೆಯಲ್ಲಿ ಎದೆ ಉರಿ ಅಂದರೆ ಅಡುಗೆ ಸೋಡಾಕ್ಕೆ ನಿಂಬೆಹಣ್ಣು ಹಿಂಡಿ ಕುಡಿಯುತ್ತಾರೆ. ಐದು ನಿಮಿಷದಲ್ಲಿ ಢರ್ ಎಂದು ತೇಗು, ಮುಗೀತು.

ಜಮಖಂಡಿಯ ಮಗಳು:

ತಮ್ಮಾ, ನನ್ನ ಅಪ್ಪನ ವಿಷಯ ಹೇಳುತ್ತೇನೆ, ಸಿಟ್ಟು ಮಾಡಿಕೊಳ್ಳಬೇಡ. ಅಪ್ಪನಿಗೆ 58. ಹತ್ತು ವರ್ಷದ ಆಸಿಡಿಟಿ. ಒಂದು ಸಂಜೆ ಎದೆ ಉರಿ ಎಂದು ಸೋಡಾ ಪುಡಿ ಕುಡಿದರು, ತೇಗು ಬಂತು, ಕಡಿಮೆ ಆಗಲಿಲ್ಲ. ಇನ್ನೊಂದು ಕುಡಿದರು. ಮೈ ತುಂಬ ಬೆವರು, ಬನಿಯನ್ ಹಿಂಡಿದರೆ ನೀರು ಬರುವಷ್ಟು. ದವಡೆ ಹಿಡಿದುಕೊಂಡು ಕೂತಿದ್ದರು. ಪಕ್ಕದ ಮನೆ ಕಾಕಾ ಬಂದು ನೋಡಿ, ಮಾತು ಕೇಳದೆ ಬೈಕಿನಲ್ಲಿ ಕೂಡಿಸಿಕೊಂಡು ಹೋಗಿ ಇಸಿಜಿ ತೆಗೆಸಿದರು. ಹಾರ್ಟ್ ಅಟ್ಯಾಕ್ ಆಗಿತ್ತು. ಅಪ್ಪ ಉಳಿದದ್ದು ಆ ಕಾಕಾನಿಂದ. ಹಳೇ ಆಸಿಡಿಟಿ ಇದ್ದವರೇ ಈ ವಿಷಯದಲ್ಲಿ ಮೋಸ ಹೋಗುತ್ತಾರೆ, ಇದೂ ಅದೇ ಇರಬೇಕು ಅಂದುಕೊಳ್ಳುತ್ತಾರೆ. ಬೆವರು, ಉಸಿರು ಕಟ್ಟುವುದು, ನೋವು ಕೈಗೋ ದವಡೆಗೋ ಇಳಿಯುವುದು, ನಡೆದರೆ ಜಾಸ್ತಿ ಆಗುವುದು ಇದ್ದರೆ ಮೊದಲು ಇಸಿಜಿ. ಸೋಡಾದಲ್ಲಿ ಸೋಡಿಯಂ ಇರುತ್ತದೆ, ಬಿಪಿ ಇದ್ದವರಿಗೆ ಅದೂ ಒಳ್ಳೆಯದಲ್ಲ.

ಸಿಂದಗಿ ಹುಡುಗ:

ಅಕ್ಕಾ, ತಪ್ಪಾಯಿತು. ನಮ್ಮ ಅಪ್ಪನಿಗೂ ಬಿಪಿ ಇದೆ. ಇವತ್ತೇ ಹೇಳುತ್ತೇನೆ.

ಗುಳೇದಗುಡ್ಡದ ಸೊಸೆ:

ಊಟದ ವಿಷಯ ಯಾರೂ ಬರೆಯಲಿಲ್ಲ, ನಾನು ಬರೆಯುತ್ತೇನೆ. ನಮ್ಮ ಮನೆಯಲ್ಲಿ ಅತ್ತೆಯವರಿಗೆ ಈ ಕಾಯಿಲೆ. ಡಾಕ್ಟರು ಒಂದು ಪಟ್ಟಿ ಕೊಟ್ಟರು. ಖಾರ ಬೇಡ, ಎಣ್ಣೆ ಬೇಡ, ಟೊಮೆಟೊ ಬೇಡ, ಉಳ್ಳಾಗಡ್ಡಿ ಬೇಡ, ಬೆಳ್ಳುಳ್ಳಿ ಬೇಡ, ಚಹಾ ಬೇಡ. ಅದನ್ನು ನೋಡಿ ಅತ್ತೆ "ಹಂಗಾರ ಉಣ್ಣೂದು ಏನು" ಎಂದು ಕಣ್ಣೀರು ಹಾಕಿದರು. ಎರಡು ವಾರ ಬರೀ ಅನ್ನ ಹಾಲು ಉಂಡು ಸೊರಗಿ ಹೋದರು.

ಆಮೇಲೆ ನಾನು ಮಗನ ಹಳೇ ನೋಟ್‌ಬುಕ್ಕಿನಲ್ಲಿ ಬರೆಯಲು ಶುರು ಮಾಡಿದೆ. ಏನು ಉಂಡರು, ಎಷ್ಟು ಗಂಟೆಗೆ, ಉರಿ ಬಂತೋ ಇಲ್ಲವೋ. ಮೂರು ವಾರ. ಗೊತ್ತಾಗಿದ್ದು ನೋಡಿ. ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಹೀರೇಕಾಯಿ, ಮೆಂತೆ ಸೊಪ್ಪು, ಇವು ಯಾವತ್ತೂ ತೊಂದರೆ ಕೊಡಲಿಲ್ಲ. ಶೇಂಗಾ ಹಿಂಡಿ ಒಂದು ಚಮಚ ಆದರೆ ನಡೆಯುತ್ತದೆ, ಮೇಲೆ ಎಣ್ಣೆ ಸುರಿದುಕೊಂಡರೆ ಇಲ್ಲ. ಪುಂಡಿ ಪಲ್ಯ ಉಂಡ ದಿನ ಎರಡು ಸಲವೂ ಉರಿ. ರಂಜಕ ಕಡ್ಡಾಯವಾಗಿ ಉರಿ. ಸಂಜೆ ಮಿರ್ಚಿ ಭಜಿ ತಿಂದ ರಾತ್ರಿ ನಿದ್ದೆ ಇಲ್ಲ. ಎಲ್ಲಕ್ಕಿಂತ ದೊಡ್ಡದು, ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಗೆ ಎರಡು ಕಪ್ ಚಹಾ. ಅದನ್ನು ನಾಷ್ಟಾ ಆದ ಮೇಲೆ ಅರ್ಧ ಕಪ್ ಮಾಡಿದೆವು. ಉಳ್ಳಾಗಡ್ಡಿ ಹಸಿಯದು ಆಗುವುದಿಲ್ಲ, ಒಗ್ಗರಣೆಯಲ್ಲಿ ಬೆಂದದ್ದು ಆಗುತ್ತದೆ. ಮಜ್ಜಿಗೆ ಹುಳಿ ಬರುವ ಮುಂಚೆ ಕುಡಿದರೆ ತಂಪು. ಇದು ನಮ್ಮ ಅತ್ತೆಯ ಪಟ್ಟಿ. ನಿಮ್ಮದು ಬೇರೆ ಇರುತ್ತದೆ, ನೀವೇ ಬರೆದು ನೋಡಿ.

ಹೊತ್ತಿನ ವಿಷಯ ಇದಕ್ಕಿಂತ ಮುಖ್ಯ. ನಮ್ಮ ಕಡೆ ಮಗ್ಗದ ಮನೆಗಳಲ್ಲಿ ರಾತ್ರಿ ಊಟ ಹತ್ತು ಗಂಟೆಗೆ, ಕೈ ತೊಳೆದು ಹಾಸಿಗೆಗೆ. ಈಗ ಅತ್ತೆಗೆ ಏಳೂವರೆಗೆ ನುಚ್ಚು ಮಜ್ಜಿಗೆ ಇಲ್ಲವೇ ಒಂದು ರೊಟ್ಟಿ ಕೊಡುತ್ತೇನೆ, ಹತ್ತೂವರೆಗೆ ಮಲಗುತ್ತಾರೆ. ಮೂರು ತಾಸು ಬಿಡುವು. ಮಂಚದ ತಲೆ ಕಡೆ ಎರಡೂ ಕಾಲಿನ ಕೆಳಗೆ ಕಟ್ಟಿಗೆ ತುಂಡು ಇಟ್ಟು ಆರು ಇಂಚು ಎತ್ತರಿಸಿದೆವು. ದಿಂಬು ಜಾಸ್ತಿ ಇಟ್ಟರೆ ಪ್ರಯೋಜನ ಇಲ್ಲ, ಕುತ್ತಿಗೆ ಮಾತ್ರ ಬಗ್ಗಿ ಹೊಟ್ಟೆ ಇನ್ನೂ ಒತ್ತುತ್ತದೆ. ಎದೆಯಿಂದಲೇ ಇಳಿಜಾರು ಇರಬೇಕು. ಎಡ ಮಗ್ಗುಲಿಗೆ ಮಲಗಿಸಿ. ಹಾಗೆ ಮಲಗಿದರೆ ಹೊಟ್ಟೆಯ ಆಮ್ಲ ಅನ್ನನಾಳದ ಬಾಯಿಗಿಂತ ಕೆಳಗೆ ನಿಲ್ಲುತ್ತದೆ.

ಟಿಳಕವಾಡಿ, ಬೆಳಗಾವಿ:

ನನ್ನದು ಬೇರೆ ಕಥೆ. ಆರು ವರ್ಷ ದಿನಕ್ಕೆ ಎರಡು ಗುಳಿಗೆ, ಉರಿ ಮಾತ್ರ ಹೋಗಲಿಲ್ಲ. ನಾನೂ ಆಪರೇಷನ್‌ಗೆ ಒಪ್ಪಿ ಸಹಿ ಹಾಕಲು ಕೂತಿದ್ದೆ. ಬೇರೊಬ್ಬ ಸರ್ಜನ್ ಮೊದಲು ಆಮ್ಲದ ಪರೀಕ್ಷೆ ಆಗಲಿ ಎಂದು ಹಟ ಹಿಡಿದರು. ಮೂಗಿನಿಂದ ತೆಳು ನಳಿಕೆ ಇಳಿಸಿ 24 ಗಂಟೆ ಇಟ್ಟರು. ಏನು ಗೊತ್ತಾಯಿತು ಅಂದರೆ ನನಗೆ ಆಮ್ಲ ಮೇಲೆ ಬರುತ್ತಲೇ ಇರಲಿಲ್ಲ. ಅನ್ನನಾಳದ ನರಗಳು ಜಾಸ್ತಿ ಸೂಕ್ಷ್ಮ ಆಗಿವೆ, ಅಷ್ಟೇ. ಕಡಿಮೆ ಡೋಸಿನ ನರದ ಗುಳಿಗೆ ಕೊಟ್ಟರು. ಈಗ ಬಹಳ ಪಾಲು ಆರಾಮ. ಅವತ್ತು ಆಪರೇಷನ್ ಆಗಿದ್ದರೆ ಉರಿಯೂ ಉಳಿಯುತ್ತಿತ್ತು, ಹೊಟ್ಟೆ ಉಬ್ಬರವೂ ಸೇರುತ್ತಿತ್ತು.

ಬೆಳಗಾವಿ ಸಿಸ್ಟರ್:

ಎಂಡೋಸ್ಕೋಪಿ ಕೋಣೆಯಲ್ಲಿ 14 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮೇಲೆ ಟಿಳಕವಾಡಿ ಅಕ್ಕ ಬರೆದದ್ದನ್ನು ಎಲ್ಲರೂ ಇನ್ನೊಮ್ಮೆ ಓದಿ. ಇಡೀ ಚರ್ಚೆಯ ತಿರುಳು ಅಲ್ಲೇ ಇದೆ.

2019ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದ ಒಂದು ಅಧ್ಯಯನ ಪ್ರಕಟವಾಯಿತು. ಗುಳಿಗೆಗೆ ಬಗ್ಗದ ಎದೆ ಉರಿ ಎಂದು ಬಂದವರು 366 ಜನ. ಅವರಿಗೆ ಮೊದಲು ಒಮೆಪ್ರಜೋಲ್ 20ನ್ನು ಸರಿಯಾದ ಹೊತ್ತಿಗೆ, ದಿನಕ್ಕೆ ಎರಡು ಸಲ, ಎರಡು ವಾರ ಕೊಟ್ಟರು. ಅಷ್ಟಕ್ಕೇ 42 ಜನಕ್ಕೆ ಆರಾಮ ಆಯಿತು. ಆಮೇಲೆ ಪರೀಕ್ಷೆ ಮಾಡಿದಾಗ 99 ಜನಕ್ಕೆ ಟಿಳಕವಾಡಿ ಅಕ್ಕನ ಹಾಗೆ ಆಮ್ಲಕ್ಕೆ ಸಂಬಂಧವೇ ಇಲ್ಲದ ಉರಿ. 23 ಜನಕ್ಕೆ ಅನ್ನನಾಳದ ಬೇರೆ ಕಾಯಿಲೆ. ಕೆಲವರು ನಡುವೆ ಬಿಟ್ಟರು, ಕೆಲವರು ಬೇರೆ ಕಾರಣಕ್ಕೆ ಹೊರಗೆ ಉಳಿದರು. ಕೊನೆಗೆ ಉಳಿದವರು 78. ಆ 78ರಲ್ಲಿ ಆಪರೇಷನ್ ಆದವರ ಪೈಕಿ ಶೇ. 67 ಜನಕ್ಕೆ ಗುಣ ಕಂಡಿತು, ಬೇರೆ ಬೇರೆ ಔಷಧ ಕೂಡಿಸಿ ಕೊಟ್ಟವರಲ್ಲಿ ಶೇ. 28 ಜನಕ್ಕೆ. ಸರಿಯಾದ ರೋಗಿಯನ್ನು ಆರಿಸಿದರೆ ಆಪರೇಷನ್ ಬಹಳ ಒಳ್ಳೆಯದು. ಆರಿಸುವ ಕೆಲಸವನ್ನೇ ನಮ್ಮ ಕಡೆ ಬಹಳ ಸಲ ಬಿಟ್ಟುಬಿಡುತ್ತಾರೆ.

ಗುಳಿಗೆ ಚೆನ್ನಾಗಿ ಹಿಡಿಯುವವರ ಲೆಕ್ಕ ಬೇರೆ. ಯುರೋಪಿನ ಲೋಟಸ್ ಎಂಬ ಅಧ್ಯಯನದಲ್ಲಿ ಅಂಥವರನ್ನೇ ತಗೊಂಡು ಐದು ವರ್ಷ ನೋಡಿದರು. ಇಸೊಮೆಪ್ರಜೋಲ್ ತಗೊಂಡವರಲ್ಲಿ ಶೇ. 92, ಆಪರೇಷನ್ ಆದವರಲ್ಲಿ ಶೇ. 85 ಜನ ಆರಾಮ ಇದ್ದರು. ಅಂದರೆ ಗುಳಿಗೆಯಲ್ಲಿ ಆರಾಮ ಇದ್ದವರು ಹೆದರಿ ಆಪರೇಷನ್‌ಗೆ ಓಡುವ ಅಗತ್ಯ ಇಲ್ಲ.

ಮಾಸ್ತರೇ, ನಿಮ್ಮ ವರದಿಯ ಗ್ರೇಡ್ ಎ ಅಂದರೆ 5 ಮಿ.ಮೀ. ಮೀರದ ಸಣ್ಣ ಗಾಯ. ಇಷ್ಟರಿಂದಲೇ ಕಾಯಿಲೆ ಖಚಿತ ಅನ್ನಲಾಗುವುದಿಲ್ಲ. ಗುಳಿಗೆ ಒಂದು ವಾರ ನಿಲ್ಲಿಸಿ ಪಿಎಚ್ ಪರೀಕ್ಷೆ, ಅಂದರೆ ಮೂಗಿನ ನಳಿಕೆಯ ಆ ಆಮ್ಲದ ಪರೀಕ್ಷೆ ಮಾಡಬೇಕು. ಇಡೀ ದಿನದಲ್ಲಿ ಶೇ. 6ಕ್ಕಿಂತ ಜಾಸ್ತಿ ಹೊತ್ತು ಅನ್ನನಾಳದಲ್ಲಿ ಆಮ್ಲ ಇದ್ದರೆ ಖಚಿತ. ಶೇ. 4ಕ್ಕಿಂತ ಕಡಿಮೆ ಆದರೆ ಆಮ್ಲ ಮಾಮೂಲು ಮಟ್ಟದಲ್ಲೇ ಇದೆ ಎಂದು. ಜೊತೆಗೆ ಮ್ಯಾನೊಮೆಟ್ರಿ. ನುಂಗುವಾಗ ಅನ್ನನಾಳ ಎಷ್ಟು ಬಲವಾಗಿ ತಳ್ಳುತ್ತದೆ ಎಂದು ಅದು ತೋರಿಸುತ್ತದೆ. ತಳ್ಳುವ ಬಲ ಕಡಿಮೆ ಇದ್ದರೆ ಬಹಳ ಸರ್ಜನ್‌ಗಳು ಪೂರ್ತಿ ಸುತ್ತಿನ ಬದಲು ಹಿಂದಿನಿಂದ 270 ಡಿಗ್ರಿ ಮಾತ್ರ ಸುತ್ತುತ್ತಾರೆ, ಅದಕ್ಕೆ ಟೂಪೆ ಎಂದು ಹೆಸರು. ಅದರಲ್ಲಿ ಮುಧೋಳದ ಕಾಕಾ ಹೇಳಿದ ಗ್ಯಾಸಿನ ತ್ರಾಸು ಕಡಿಮೆ. ಈ ಯಂತ್ರ ಎಲ್ಲ ಆಸ್ಪತ್ರೆಯಲ್ಲೂ ಇರುವುದಿಲ್ಲ, ಹೊರಡುವ ಮುಂಚೆ ಫೋನ್ ಮಾಡಿ ಕೇಳಿ. ನುಂಗಲು ಕಷ್ಟ, ಕಾರಣ ಇಲ್ಲದೆ ತೂಕ ಇಳಿಯುವುದು, ರಕ್ತ ವಾಂತಿ, ರಕ್ತ ಕಡಿಮೆ ಆಗುವುದು, ಇವು ಇದ್ದವರು ಮಾತ್ರ ಯಾವುದಕ್ಕೂ ಕಾಯಬಾರದು.

ರೇಷನ್ ಕಾರ್ಡ್ ವಿಷಯ ಇಬ್ಬರು ಖಾಸಗಿಯಾಗಿ ಕೇಳಿದ್ದೀರಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30ರಷ್ಟು ಮಾತ್ರ ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷ ಮೀರದ ಹಾಗೆ. ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಿ. ನಿಮ್ಮ ಚಿಕಿತ್ಸೆ ಪಟ್ಟಿಯಲ್ಲಿ ಇದೆಯಾ ಎಂದು ಅಲ್ಲಿನ ಆರೋಗ್ಯ ಮಿತ್ರರನ್ನು (ಯೋಜನೆಯ ಸಹಾಯಕರನ್ನು) ಕೇಳಿ ಚೀಟಿ ಬರೆಸಿಕೊಳ್ಳಿ.

ಇಳಕಲ್ ಮಗ್ಗ:

ಎಲ್ಲರೂ ಕ್ಷಮಿಸಿ, ಬರೆಯುವುದು ತಡ ಆಯಿತು. ಅವತ್ತೇ ಹೋದೆ. ರಕ್ತ (ಹಿಮೋಗ್ಲೋಬಿನ್) 7ಕ್ಕೆ ಇಳಿದಿತ್ತು. ಎರಡು ಬಾಟಲಿ ರಕ್ತ ಹಾಕಿದರು. ಹೊಟ್ಟೆಯಲ್ಲಿ ಹುಣ್ಣು. ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ ಕೂಡ ಇತ್ತಂತೆ, ಅದಕ್ಕೆ 14 ದಿನ ಬೇರೆ ಗುಳಿಗೆ ಕೊಟ್ಟಿದ್ದಾರೆ. ನೋವಿನ ಗುಳಿಗೆ ಮುಟ್ಟಬೇಡ ಎಂದಿದ್ದಾರೆ. ಅಂಗಡಿಯ ಅಣ್ಣಾ, ನೀವು ಬೈಯದೇ ಇದ್ದಿದ್ದರೆ ನಾನು ಎಳನೀರು ಕುಡಿದು ಮಲಗುತ್ತಿದ್ದೆ. ನಿಮ್ಮ ಋಣ ದೊಡ್ಡದು.

ಔಷಧ ಅಂಗಡಿ, ವಿಜಯಪುರ:

ಋಣ ಏನೂ ಇಲ್ಲ ಅಣ್ಣಾ. 14 ದಿನದ ಕೋರ್ಸು ಒಂದು ಹೊತ್ತೂ ತಪ್ಪಿಸಬೇಡಿ. ಬಾಯಿ ಕಹಿ ಆಗುತ್ತದೆ, ನಡುವೆ ಬಿಟ್ಟರೆ ಆ ಬ್ಯಾಕ್ಟೀರಿಯಾ ಔಷಧಕ್ಕೇ ಬಗ್ಗದ ಹಾಗೆ ಆಗುತ್ತದೆ. ಮುಗಿದು ಒಂದು ತಿಂಗಳಾದ ಮೇಲೆ ಹೋಯಿತೋ ಇಲ್ಲವೋ ಮತ್ತೆ ಪರೀಕ್ಷೆ ಮಾಡಿಸಿ.

ನವನಗರದ ಮಾಸ್ತರ, ಬಾಗಲಕೋಟೆ:

ಎರಡು ತಿಂಗಳಾಯಿತು. ನೀವೆಲ್ಲ ಹೇಳಿದ್ದನ್ನು ಒಂದೊಂದೇ ಮಾಡಿದೆ, ಲೆಕ್ಕ ಒಪ್ಪಿಸುತ್ತೇನೆ.

ಗುಳಿಗೆ ಬೆಳಿಗ್ಗೆ ಆರೂವರೆಗೆ, ನಾಷ್ಟಾ ಏಳೂಕಾಲಿಗೆ. ಡಾಕ್ಟರು ಹೇಳಿದ ಹಾಗೆ ಸಂಜೆ ಏಳಕ್ಕೆ ಇನ್ನೊಂದು, ಊಟ ಏಳೂವರೆಗೆ. ಐದನೇ ದಿನಕ್ಕೆ ಹಗಲಿನ ಉರಿ ಹೋಯಿತು. ಹನ್ನೊಂದು ವರ್ಷ ಅದೇ ಗುಳಿಗೆ, ಹೊತ್ತು ಮಾತ್ರ ಬದಲು. ಬಡಿಗೇರ ಅಣ್ಣನ ಹತ್ತಿರ ಬೇವಿನ ಕಟ್ಟಿಗೆ ತುಂಡು ಮಾಡಿಸಿದೆ, ಮಂಚದ ಕಾಲು ಜಾರದ ಹಾಗೆ ಮೇಲೆ ಸಣ್ಣ ಕುಳಿ ತೋಡಿಕೊಟ್ಟರು. ಬಿ12 ಕಡಿಮೆ ಇತ್ತು, ಇಂಜೆಕ್ಷನ್ ಆಯಿತು, ಪಾದದ ಜುಮುಜುಮು ಈಗ ಇಲ್ಲ. ನಾಲ್ಕು ಕಿಲೋ ಇಳಿದಿದ್ದೇನೆ.

ಆದರೆ ರಾತ್ರಿ ನೀರು ನುಗ್ಗುವುದು ವಾರಕ್ಕೆ ಮೂರು ಸಲ ಉಳಿದೇ ಇದೆ. ಈಗ ಅದರಲ್ಲಿ ಹುಳಿ ಇಲ್ಲ, ಉರಿ ಇಲ್ಲ, ಸಪ್ಪೆ ನೀರು. ಕೆಮ್ಮು ಮಾತ್ರ ಹಾಗೇ ಇದೆ. ಗುಳಿಗೆ ಆಮ್ಲ ಕಡಿಮೆ ಮಾಡುತ್ತದೆ, ಬಾಗಿಲು ಮುಚ್ಚುವುದಿಲ್ಲ ಎಂದು ಆಗ ಅರ್ಥ ಆಯಿತು.

ಲೋಕಾಪುರ, ಯರಗಟ್ಟಿ ಮೇಲೆ ಬಸ್ಸಿನಲ್ಲಿ ಬೆಳಗಾವಿಗೆ ಹೋದೆ. ಪರೀಕ್ಷೆಗೆ ಮುಂಚೆ ಏಳು ದಿನ ಗುಳಿಗೆ ಇಲ್ಲ, ಆ ಏಳು ರಾತ್ರಿ ಕುರ್ಚಿಯಲ್ಲಿ ಕೂತು ಕಳೆದೆ. ಮೂಗಿನ ನಳಿಕೆ ಕೆನ್ನೆಗೆ ಅಂಟಿಸಿಕೊಂಡು, ಸೊಂಟಕ್ಕೆ ಸಣ್ಣ ಪೆಟ್ಟಿಗೆ ಕಟ್ಟಿಕೊಂಡು ತಂಗಿಯ ಮನೆಯಲ್ಲಿ ಒಂದು ದಿನ ಇದ್ದೆ. ಉರಿ ಬಂದಾಗ ಒಂದು ಗುಂಡಿ ಒತ್ತಬೇಕು. ಆಮ್ಲದ ಹೊತ್ತು ಶೇ. 11 ಬಂತು. ಮ್ಯಾನೊಮೆಟ್ರಿಯಲ್ಲಿ ತಳ್ಳುವ ಬಲ ಸ್ವಲ್ಪ ಕಡಿಮೆ. ಸರ್ಜನ್ ಕಾಗದದ ಮೇಲೆ ಚಿತ್ರ ಬರೆದು ಮುಕ್ಕಾಲು ತಾಸು ವಿವರಿಸಿದರು. ಟೂಪೆ ಮಾಡುತ್ತೇವೆ, ಹತ್ತು ವರ್ಷದ ಮೇಲೆ ಮತ್ತೆ ಗುಳಿಗೆ ಬೇಕಾಗಬಹುದು, ಒಪ್ಪಿಗೆ ಇದ್ದರೆ ಮಾತ್ರ ಎಂದರು. ಮನೆಯವರನ್ನೂ ಕೂಡಿಸಿಕೊಂಡು ಕೇಳಿಸಿದೆ. ಬೇಸಿಗೆ ರಜೆಯಲ್ಲಿ ಮಾಡಿಸುತ್ತಿದ್ದೇನೆ.

ಗುಳೇದಗುಡ್ಡದ ಸೊಸೆ:

ಒಳ್ಳೆಯದಾಗಲಿ ಸರ್. ಬನಶಂಕರಿ ತಾಯಿ ಕಾಯಲಿ. ಆಪರೇಷನ್ ಆದ ಮೇಲೆ ಏನು ಉಣ್ಣಲು ಕೊಟ್ಟರು ಎಂದು ತಪ್ಪದೇ ಬರೆಯಿರಿ, ಅಡುಗೆ ಮಾಡುವವರಿಗೆ ಅದೇ ಬೇಕು.

ನವನಗರದ ಮಾಸ್ತರ, ಬಾಗಲಕೋಟೆ:

ಆಪರೇಷನ್ ಆಗಿ ಇವತ್ತಿಗೆ ಐದು ವಾರ. ಎರಡು ದಿನ ಬಲ ಹೆಗಲು ಬಹಳ ನೋಯಿತು. ಹೊಟ್ಟೆ ಉಬ್ಬಿಸಲು ತುಂಬಿದ ಗ್ಯಾಸಿನಿಂದ ಹಾಗಾಗುತ್ತದಂತೆ, ಮೂರನೇ ದಿನ ಹೋಯಿತು. ನಾಲ್ಕನೇ ದಿನ ಮನೆಗೆ ಬಂದೆ.

ಅಕ್ಕಾ, ನೀವು ಕೇಳಿದ್ದು ಇದು. ಮೊದಲ ವಾರ ಬರೀ ನೀರಿನಂಥದ್ದು. ಸೋಸಿದ ಬೇಳೆ ಕಟ್ಟು, ತೆಳು ರಾಗಿ ಅಂಬಲಿ, ಹಾಲು, ಮಜ್ಜಿಗೆ. ಎರಡನೇ ವಾರದಿಂದ ನುಣ್ಣಗೆ ಅರೆದ ಹೆಸರುಬೇಳೆ ಖಿಚಡಿ, ಜೋಳದ ನುಚ್ಚು ಮೆತ್ತಗೆ ಬೇಯಿಸಿ ಕಿವುಚಿದ್ದು, ಕುಂಬಳಕಾಯಿ. ಪ್ರತಿ ಎರಡು ತಾಸಿಗೆ ಒಂದು ವಾಟಿ, ಚಮಚದಲ್ಲಿ. ಸೋಡಾ ಇಲ್ಲ, ಸ್ಟ್ರಾ ಇಲ್ಲ, ಬ್ರೆಡ್ ಇಲ್ಲ. ಬ್ರೆಡ್ ಗಂಟಲಲ್ಲಿ ಹಿಟ್ಟಿನ ಉಂಡೆ ಆಗಿ ನಿಲ್ಲುತ್ತದೆ. ಒಂದು ದಿನ ಅವಸರದಲ್ಲಿ ಇಡ್ಲಿ ತುಣುಕು ನುಂಗಿದೆ, ಎದೆಯ ನಡುವೆ ಸಿಕ್ಕಿ ಹತ್ತು ನಿಮಿಷ ಗೋಡೆ ಹಿಡಿದು ನಿಂತಿದ್ದೆ. ಅವತ್ತಿನಿಂದ ಮಗಳು ಎದುರಿಗೆ ಕೂತು ನಾನು ಎಷ್ಟು ಸಲ ಅಗಿದೆ ಎಂದು ಎಣಿಸುತ್ತಾಳೆ.

ಐದು ವಾರದಲ್ಲಿ ಒಂದು ರಾತ್ರಿಯೂ ಎದ್ದಿಲ್ಲ. ತಂಬಿಗೆ ಈಗ ಅಡುಗೆ ಮನೆಯಲ್ಲೇ ಇರುತ್ತದೆ.

ಮುಧೋಳದ ಕಾಕಾ, ಎರಡು ಪ್ರಶ್ನೆ. ಊಟ ಆದ ಮೇಲೆ ಎಡಪಕ್ಕೆಯ ಕೆಳಗೆ ಗಾಳಿ ತುಂಬಿ ಬಿಗಿಯುತ್ತದೆ, ಇದು ಎಷ್ಟು ತಿಂಗಳು ಇರುತ್ತದೆ? ಮತ್ತೆ ಆರು ವಾರಕ್ಕೆ ರೊಟ್ಟಿ ಶುರು ಮಾಡಬಹುದು ಎಂದಿದ್ದಾರೆ, ನೀವು ಹೇಗೆ ಶುರು ಮಾಡಿದಿರಿ?

ಮುಧೋಳದ ಕಬ್ಬಿನ ರೈತ:

ಬಹಳ ಸಂತೋಷ ಆಯಿತು ಮಾಸ್ತರೇ. ಗಾಳಿ ನನಗೆ ನಾಲ್ಕು ತಿಂಗಳು ಇತ್ತು, ನಿಮ್ಮದು ಮುಕ್ಕಾಲು ಸುತ್ತು, ಬೇಗ ಹೋಗಬಹುದು. ಊಟ ಆದ ಮೇಲೆ ಕೂಡಬೇಡಿ, ಅಂಗಳದಲ್ಲಿ ಇಪ್ಪತ್ತು ನಿಮಿಷ ನಿಧಾನ ಓಡಾಡಿ. ಮಾತಾಡುತ್ತಾ ಉಣ್ಣಬೇಡಿ, ಗಾಳಿ ನುಂಗಿದ ಹಾಗೆ ಆಗುತ್ತದೆ. ಭಾರ ಎತ್ತಬೇಡಿ, ನೀರಿನ ಕೊಡವೂ ಬೇಡ, ಡಾಕ್ಟರು ಹೇಳುವ ತನಕ.

ರೊಟ್ಟಿಗೆ, ಕಟಕ ರೊಟ್ಟಿ ಬೇಡವೇ ಬೇಡ. ಹೆಂಚಿನಿಂದ ಆಗ ತಾನೇ ತೆಗೆದ ಬಿಸಿ ರೊಟ್ಟಿಯ ಅಂಚು ಬಿಟ್ಟು ನಡುವಿನ ಮೆತ್ತನೆ ಭಾಗ ತಗೊಳ್ಳಿ. ಬೇಳೆ ಸಾರಿನಲ್ಲಿ ಹತ್ತು ನಿಮಿಷ ನೆನೆಯಲಿ. ಅಂಗೈಯಷ್ಟು ಸಾಕು ಮೊದಲ ದಿನ. ಮಗಳು ಎಣಿಸಲಿ.